ಕುದಿಸಿದರೂ ಸಾಯದ ಬೀಜಾಣು: ಉಳಿದ ಅನ್ನ ಮತ್ತು ಕ್ಯಾಲ್ಸಿಯಂ

ಕ್ಯಾಲ್ಸಿಯಂ ಅಂದ ಕೂಡಲೇ ನಿಮಗೆ ಹಾಲು, ರಾಗಿ, ಮೂಳೆ ನೆನಪಾಗಬಹುದು. ಹೃದ್ರೋಗ ತಜ್ಞನಾದ ನನಗೆ ಹೃದಯದ ಬಡಿತ ನೆನಪಾಗುತ್ತದೆ. ಕ್ಯಾಲ್ಸಿಯಂ ಹೋಗಿ ಟ್ರೋಪೋನಿನ್-ಸಿ ಎಂಬ ಪ್ರೋಟೀನಿಗೆ ಅಂಟಿಕೊಂಡಾಗಲೇ ಹೃದಯದ ಸ್ನಾಯು ಸಂಕುಚಿಸುವುದು. ಬ್ಯಾಕ್ಟೀರಿಯಾಗಳಲ್ಲೂ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನುಗಳಿವೆ. ಕೆಲವು ಬ್ಯಾಕ್ಟೀರಿಯಾಗಳಂತೂ ಬಿಸಿಯಿಂದ ಪಾರಾಗಲು ಕ್ಯಾಲ್ಸಿಯಂ ಅನ್ನೇ ಬಳಸುತ್ತವೆ. ಇದು ನಿಮ್ಮ ಅಡುಗೆಮನೆಗೆ ನೇರವಾಗಿ ಸಂಬಂಧಿಸಿದ ವಿಷಯ.

*ಅಕ್ಕಿಯ ಜೊತೆ ಬರುವ ಅತಿಥಿ*

ಬ್ಯಾಸಿಲಸ್ ಸೀರಿಯಸ್ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ. ಆಹಾರ ಸಿಗದಿದ್ದಾಗ ಅದು ಬೀಜಾಣುವಾಗಿ (ಸ್ಪೋರ್) ಮಲಗುತ್ತದೆ, ಅಕ್ಕಿಯ ಜೊತೆ ಮನೆಗೂ ಬರುತ್ತದೆ. ಬೀಜಾಣುವಿನ ತಿರುಳಿನಲ್ಲಿ ನೀರು ಬಹಳ ಕಡಿಮೆ. ಅಲ್ಲಿ ಕ್ಯಾಲ್ಸಿಯಂ ಮತ್ತು ಡೈಪಿಕೊಲಿನಿಕ್ ಆಮ್ಲದ ಜೋಡಿ ತುಂಬಿರುತ್ತದೆ. ಒಣ ತೂಕದಲ್ಲಿ ಸುಮಾರು ಶೇ. 10ರಷ್ಟು ಈ ಆಮ್ಲವೇ. ನೀರು ಕಡಿಮೆಯಾದ್ದರಿಂದ ಒಳಗಿನ ಪ್ರೋಟೀನುಗಳು ಬೇಗ ಬೇಯುವುದಿಲ್ಲ. ಬ್ಯಾಸಿಲಸ್ ಬೀಜಾಣುಗಳು ಕುದಿಯುವ ನೀರಿನಲ್ಲೂ ಬದುಕುತ್ತವೆ ಎಂದು ಜರ್ಮನಿಯ ವಿಜ್ಞಾನಿ ಫರ್ಡಿನಾಂಡ್ ಕೋನ್ 1876ರಲ್ಲೇ ತೋರಿಸಿದ್ದರು.

*ಮತ್ತೆ ಬಿಸಿ ಮಾಡಿದರೆ ಸಾಲದೇ?*

ಸಾಲದು. ಬೆಂದ ಅನ್ನ ಹೊರಗೇ ಉಳಿದರೆ ಬೀಜಾಣು ಎಚ್ಚರಗೊಳ್ಳುತ್ತದೆ. ಕ್ಯಾಲ್ಸಿಯಂ ಹೊರಗೆ ಬಿಟ್ಟು, ನೀರು ಹೀರಿ, ಬ್ಯಾಕ್ಟೀರಿಯಾ ಆಗಿ ವೃದ್ಧಿಯಾಗುತ್ತದೆ. ಆಗ ಅದು ಸೆರ್ಯುಲೈಡ್ ಎಂಬ ವಿಷ ತಯಾರಿಸಬಹುದು. ಈ ವಿಷ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 90 ನಿಮಿಷ ಇಟ್ಟರೂ ನಾಶವಾಗುವುದಿಲ್ಲ. ಒಗ್ಗರಣೆ, ಮೈಕ್ರೋವೇವ್ ಯಾವುದೂ ಅದಕ್ಕೆ ಲೆಕ್ಕವಿಲ್ಲ. ವಾಸನೆ, ರುಚಿಯಲ್ಲೂ ಗೊತ್ತಾಗದಿರಬಹುದು. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಇದೇ ಬ್ಯಾಕ್ಟೀರಿಯಾದ ಇನ್ನೊಂದು ಬಗೆಯ ವಿಷದಿಂದ 6ರಿಂದ 15 ಗಂಟೆಗಳಲ್ಲಿ ಹೊಟ್ಟೆನೋವು, ಭೇದಿ ಬರುತ್ತದೆ. ಹೆಚ್ಚಿನವರಿಗೆ ಒಂದು ದಿನದಲ್ಲಿ ವಾಸಿಯಾಗುತ್ತದೆ.

"ನಮ್ಮಜ್ಜಿ ತಂಗಳನ್ನ ತಿಂದೇ ಗಟ್ಟಿಯಾಗಿದ್ದರು" ಅನ್ನಬಹುದು. ನಿಜ. ಆದರೆ ನೀರು, ಮಜ್ಜಿಗೆಯಲ್ಲಿ ನೆನೆದ ಅನ್ನ ಹುಳಿಯಾಗುತ್ತದೆ. ಹುಳಿಯಲ್ಲಿ ಈ ಬ್ಯಾಕ್ಟೀರಿಯಾ ಅಷ್ಟಾಗಿ ಬೆಳೆಯದು. ಮುಂಬೈ, ಚೆನ್ನೈ ಸೆಖೆಯಲ್ಲಿ ಬೆಳಿಗ್ಗೆ ಮಾಡಿ ಕುಕ್ಕರಿನಲ್ಲೇ ರಾತ್ರಿಯವರೆಗೆ ಬಿಟ್ಟ ಬಿಳಿ ಅನ್ನದ ಕಥೆ ಬೇರೆ.

*ಏನು ಮಾಡಬೇಕು?*

✅ ಒಂದು ಹೊತ್ತಿಗೆ ಬೇಕಾದಷ್ಟೇ ಅನ್ನ ಮಾಡಿ.
✅ ಉಳಿದದ್ದನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ. ಒಂದು ಗಂಟೆ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಡಿ.
✅ ಮರುದಿನವೇ ತಿಂದು ಮುಗಿಸಿ. ಒಮ್ಮೆ ಮಾತ್ರ ಬಿಸಿ ಮಾಡಿ.
✅ ಬಿಸಿಯಾಗಿಯೇ ಇಡುವುದಾದರೆ 60 ಡಿಗ್ರಿಗಿಂತ ಮೇಲಿರಲಿ.
✅ ಊರಿಗೆ ರೈಲಿನಲ್ಲಿ ಹೋಗುವಾಗ ಚಿತ್ರಾನ್ನವನ್ನು ಮೊದಲ ಊಟಕ್ಕೇ ಮುಗಿಸಿ. ಮರುದಿನಕ್ಕೆ ಒಣ ಚಪಾತಿ, ಅವಲಕ್ಕಿ ಒಳ್ಳೆಯದು.

*ಹೃದಯ ರೋಗಿಗಳಿಗೆ ಎರಡು ಮಾತು*

ಬಿಪಿ ಮಾತ್ರೆ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ವಾಂತಿ-ಭೇದಿಯಾದರೆ ನೀರಿನಂಶ ಇಳಿದು ಬಿಪಿ ಕುಸಿಯಬಹುದು, ಕಿಡ್ನಿಗೂ ತೊಂದರೆಯಾಗಬಹುದು. ಮಾತ್ರೆಯ ಬಗ್ಗೆ ಅದೇ ದಿನ ನಿಮ್ಮ ವೈದ್ಯರಿಗೆ ಫೋನ್ ಮಾಡಿ ಕೇಳಿ, ನೀವೇ ನಿರ್ಧರಿಸಬೇಡಿ.

ಇನ್ನೊಂದು, ಇದಕ್ಕಿಂತ ಮುಖ್ಯ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ವಾಂತಿಯ ಜೊತೆ ತಣ್ಣನೆಯ ಬೆವರು, ಉಸಿರಾಟದ ಕಷ್ಟ, ಎದೆ ಅಥವಾ ಮೇಲು ಹೊಟ್ಟೆಯಲ್ಲಿ ಒತ್ತಡ ಕಂಡರೆ "ರಾತ್ರಿ ಅನ್ನ ಕೆಟ್ಟಿತ್ತು" ಎಂದು ಕಾಯಬೇಡಿ. ಅದು ಹೃದಯಾಘಾತವಾಗಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ, ಇಸಿಜಿ ಮಾಡಿಸಿ.

ಹಾಗೆಂದು ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಬೇಡಿ. ಅದಕ್ಕೂ ಬೀಜಾಣುವಿಗೂ ಸಂಬಂಧವಿಲ್ಲ. ಬದಲಾಗಬೇಕಿರುವುದು ಅನ್ನದ ಪಾತ್ರೆ ಇಡುವ ಜಾಗ ಮಾತ್ರ.

ಹಾಸ್ಟೆಲ್, ಪಿಜಿಯಲ್ಲಿರುವ ಮಕ್ಕಳಿಗೂ ಇದನ್ನು ಕಳುಹಿಸಿ. 🙏