ಮೆಕ್ಕೆಜೋಳದ ಪ್ಲಾಸ್ಟಿಕ್ಕಿನ ಗುಣದೋಷಗಳು

ಕೊಟ್ಟೂರೇಶ್ವರನ ರಥೋತ್ಸವವಾಗಲಿ, ಹಡಗಲಿ ಸೀಮೆಯ ಮೈಲಾರದ ಕಾರ್ಣಿಕೋತ್ಸವವಾಗಲಿ ಮುಗಿದ ಮರುದಿನ ಬಯಲನ್ನು ಕಂಡವರಿಗೆ ಪ್ಲಾಸ್ಟಿಕ್ಕಿನ ಬಾಧೆಯನ್ನು ವಿವರಿಸಬೇಕಾದುದಿಲ್ಲ. ಅನ್ನದ ವಾಸನೆ ಹತ್ತಿದ ಚೀಲವನ್ನು ದನವು ನುಂಗುವುದು. ಅದು ಜೀರ್ಣವಾಗದೆ ಹೊಟ್ಟೆಯಲ್ಲಿಯೇ ಗಂಟಾಗಿ ಉಳಿಯುವುದು. ೨೦೧೬ರಲ್ಲಿ ಕರ್ನಾಟಕ ಸರ್ಕಾರವೂ, ೨೦೨೨ರ ಜುಲೈ ೧ರಿಂದ ಕೇಂದ್ರ ಸರ್ಕಾರವೂ ಇಂತಹ ಅನೇಕ ವಸ್ತುಗಳನ್ನು ನಿಷೇಧಿಸಿವೆ. ಅವುಗಳ ಸ್ಥಾನಕ್ಕೆ ಈಗ ‘ಮಣ್ಣಾಗುವ’ ಸಸ್ಯಜನ್ಯ ಪ್ಲಾಸ್ಟಿಕ್ಕು ಬರುತ್ತಿರುವುದರಿಂದ, ಅದರ ಗುಣದೋಷಗಳನ್ನು ಗೃಹಸ್ಥರು ಅರಿಯುವುದು ಯುಕ್ತವು.

ಇವುಗಳಲ್ಲಿ ಮುಖ್ಯವಾದುದು ಪಾಲಿಲ್ಯಾಕ್ಟಿಕ್ ಆಮ್ಲವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹೊಲಗಳಲ್ಲಿ ಬೆಳೆಯುವ ಮೆಕ್ಕೆಜೋಳವೇ ಇದಕ್ಕೊಂದು ಮೂಲದ್ರವ್ಯವು. ಜೋಳದ ಪಿಷ್ಟವನ್ನು ಸಕ್ಕರೆಯಾಗಿಸಿ, ಸೂಕ್ಷ್ಮಜೀವಿಗಳಿಂದ ಹುಳಿಯೇರಿಸಿದರೆ ಲ್ಯಾಕ್ಟಿಕ್ ಆಮ್ಲವು ದೊರೆಯುವುದು. ನಮ್ಮ ಮನೆಯ ಮೊಸರಿಗೆ ಹುಳಿ ಕೊಡುವುದೂ ಇದೇ. ಇದರ ಅಣುಗಳನ್ನು ಮಾಲೆಯಂತೆ ಪೋಣಿಸಿದರೆ ಪ್ಲಾಸ್ಟಿಕ್ಕು ಸಿದ್ಧವಾಗುವುದು.

ಮೊದಲು ಗುಣಗಳನ್ನು ನೋಡೋಣ. ಭೂಗರ್ಭದ ತೈಲವು ಒಮ್ಮೆ ತೆಗೆದರೆ ಮುಗಿಯಿತು. ಬೆಳೆಯಾದರೋ ವರ್ಷವರ್ಷವೂ ಮರಳಿ ಬರುವುದು. ಇದರಲ್ಲಿರುವ ಇಂಗಾಲವು ಸಸ್ಯವು ವಾಯುವಿನಿಂದಲೇ ಹೀರಿಕೊಂಡುದು. ಗೊಬ್ಬರ ಮಾಡುವ ಕಾರ್ಖಾನೆಗೆ ಸೇರಿದರೆ, ಎಂಜಲಿನೊಡನೆಯೇ ಇದು ಕೆಲವು ತಿಂಗಳಲ್ಲಿ ಕೊಳೆಯುವುದು.

ಇನ್ನು ದೋಷಗಳು. ಹಾಗೆ ಕೊಳೆಯಲು ಸುಮಾರು ೬೦ ಡಿಗ್ರಿ ಸೆಂಟಿಗ್ರೇಡ್ ಶಾಖವೂ ತೇವವೂ ಒಂದೇ ಸಮನೆ ಇರಬೇಕು. ಮನೆಯ ತಿಪ್ಪೆಯಲ್ಲಿ ಆ ಶಾಖವು ಬಹುಕಾಲ ನಿಲ್ಲದು. ಹೊಲದ ಬದುವಿನಲ್ಲಿಯೂ ಕೆರೆಯಲ್ಲಿಯೂ ಬಿದ್ದ ಚೂರು ವರ್ಷಗಟ್ಟಲೆ ಉಳಿಯಬಲ್ಲದು. ದನದ ಹೊಟ್ಟೆಯ ಶಾಖವು ಸುಮಾರು ೩೯ ಡಿಗ್ರಿ ಮಾತ್ರ; ಅಲ್ಲಿಯೂ ಇದು ಬೇಗ ಕರಗುವುದಿಲ್ಲ. ಸಾಮಾನ್ಯ ಪ್ಲಾಸ್ಟಿಕ್ಕಿನೊಡನೆ ಬೆರೆತರೆ ಅದರ ಮರುಬಳಕೆಯನ್ನೂ ಕೆಡಿಸುವುದು. ಬೆಲೆಯೂ ಹೆಚ್ಚು. ಮಳೆಯನ್ನೇ ನಂಬಿದ ನಮ್ಮ ಸೀಮೆಯಲ್ಲಿ ಅನ್ನಕ್ಕೂ ಮೇವಿಗೂ ಬೇಕಾದ ನೆಲವನ್ನು ಚೀಲಕ್ಕಾಗಿ ಉಳುವುದೂ ವಿಚಾರಾರ್ಹವು.

ಸಸ್ಯದಿಂದ ಹುಟ್ಟಿದುದೆಲ್ಲ ಮಣ್ಣಾಗುವುದೆಂಬುದೂ ಭ್ರಮೆಯೇ. ಬ್ರೆಜಿಲ್ ದೇಶದಲ್ಲಿ ಕಬ್ಬಿನಿಂದ ತಯಾರಿಸುವ ಪಾಲಿಎಥಿಲೀನು ತೈಲದಿಂದಾದುದರಂತೆಯೇ ಕೊಳೆಯದೆ ಉಳಿಯುವುದು. ವಸ್ತುವಿನ ಜನ್ಮವು ಬೇರೆ, ಲಯವು ಬೇರೆ.

ಆದಕಾರಣ ಸಂತೆಗೆ ಬಟ್ಟೆಯ ಚೀಲವೂ, ಊಟಕ್ಕೆ ಮುತ್ತುಗದೆಲೆಯೂ ಇಂದಿಗೂ ಶ್ರೇಷ್ಠವು. ಅನಿವಾರ್ಯವಾದರೆ ಐಎಸ್ ೧೭೦೮೮ ಎಂಬ ಭಾರತೀಯ ಮಾನಕಕ್ಕೆ ಒಪ್ಪಿದ ಚೀಲವನ್ನೇ ಕೊಳ್ಳತಕ್ಕದ್ದು. ಬಳಸಿದ ಮೇಲೆ ಬೀದಿಗೆಸೆಯದೆ, ಗೊಬ್ಬರದ ಕಾರ್ಖಾನೆಗೆ ಸೇರುವಂತೆ ಬೇರೆಯಾಗಿಡತಕ್ಕದ್ದು. ‘ಇದು ಜೋಳದ್ದಲ್ಲವೇ’ ಎಂದು ನಾವು ನಿಶ್ಚಿಂತರಾದರೆ, ಆ ತಪ್ಪಿನ ಫಲವನ್ನು ಉಣ್ಣುವುದು ಮಾತು ಬಾರದ ದನವು.