ಭಿನ್ನರಾಶಿಗಳ ತಾರತಮ್ಯವೂ ಜಮೀನಿನ ಪಾಲುಪಟ್ಟಿಯೂ

ಜಮೀನು ಪಾಲಾಗುವಾಗಲೂ, ಬಿತ್ತನೆಯ ಬೀಜವನ್ನು ಆರಿಸುವಾಗಲೂ ಭಿನ್ನರಾಶಿಗಳಲ್ಲಿ ಹೆಚ್ಚು ಯಾವುದು, ಕಡಿಮೆ ಯಾವುದು ಎಂಬುದನ್ನು ನಿರ್ಣಯಿಸಬೇಕಾದ ಸಂದರ್ಭವು ಒದಗುವುದು. ಛೇದಗಳು ಒಂದೇ ಆಗಿದ್ದರೆ ತೊಡಕಿಲ್ಲ. ಎಂಟರಲ್ಲಿ ಮೂರು ಪಾಲಿಗಿಂತ ಎಂಟರಲ್ಲಿ ಐದು ಪಾಲು ಹೆಚ್ಚೆಂಬುದನ್ನು ಬಾಲಕರೂ ಬಲ್ಲರು. ಛೇದಗಳು ಬೇರೆಬೇರೆಯಾದಾಗ ಅಂಕಿಗಳ ಗಾತ್ರವನ್ನೇ ನೋಡಿ ತೀರ್ಮಾನಿಸುವುದರಿಂದ ನಷ್ಟವುಂಟಾಗುತ್ತದೆ.

ನಮ್ಮ ಹಿರಿಯರ ಲೆಕ್ಕದಲ್ಲಿ ಅರೆ, ಕಾಲು, ಅರೆಕಾಲು, ವೀಸ ಎಂಬ ಭಾಗಗಳು ಬಳಕೆಯಲ್ಲಿದ್ದುವು. ಒಂದೊಂದೂ ಹಿಂದಿನದರ ಅರ್ಧವಾದುದರಿಂದ ಎಲ್ಲವನ್ನೂ ವೀಸಕ್ಕೆ ಇಳಿಸಿ ನೋಡುವುದು ಸುಲಭವಾಗಿತ್ತು: ಕಾಲೆಂದರೆ ನಾಲ್ಕು ವೀಸ, ಅರೆಕಾಲೆಂದರೆ ಎರಡು ವೀಸ. ಮೂರನೆಯ, ಐದನೆಯ ಭಾಗಗಳು ಬಂದು ಸೇರಿದೊಡನೆ ಈ ಸೌಲಭ್ಯವು ತಪ್ಪುವುದು.

7 ಎಕರೆ 20 ಗುಂಟೆಯ ಹಿಡುವಳಿಯೊಂದು ಪಾಲಾಗುತ್ತಿದೆಯೆಂದು ಇಟ್ಟುಕೊಳ್ಳೋಣ. ಪಾಲುಪಟ್ಟಿಯ ಪ್ರಕಾರ ಹಿರಿಯ ಮಗನಿಗೆ 3/8, ಕಿರಿಯನಿಗೆ 2/5, ಉಳಿದುದು ತಾಯಿಗೆ. ಮೂರು ಎರಡಕ್ಕಿಂತ ದೊಡ್ಡದು, ಎಂಟು ಐದಕ್ಕಿಂತ ದೊಡ್ಡದು. ಆದುದರಿಂದ ಹಿರಿಯನಿಗೇ ಹೆಚ್ಚು ಬಂದಿತೆಂದು ಯಾರಾದರೂ ಹೇಳಿಬಿಡಬಹುದು. ಆದರೆ ಛೇದವು ದೊಡ್ಡದಾದಷ್ಟೂ ಒಂದೊಂದು ತುಂಡು ಚಿಕ್ಕದಾಗುವುದಷ್ಟೆ. ಒಂದೇ ಅಳತೆಯ ತುಂಡುಗಳನ್ನು ಮಾತ್ರ ಎಣಿಸಿ ಹೋಲಿಸಲು ಸಾಧ್ಯ. ಆದಕಾರಣ ಎರಡು ಛೇದಗಳಿಂದಲೂ ನಿಶ್ಶೇಷವಾಗಿ ಭಾಗವಾಗುವ ಅತ್ಯಂತ ಚಿಕ್ಕ ಸಂಖ್ಯೆಯನ್ನು ಹುಡುಕತಕ್ಕದ್ದು. 8 ಮತ್ತು 5ಕ್ಕೆ ಅದು 40. ಆಗ 3/8 ಎಂಬುದು 15/40, 2/5 ಎಂಬುದು 16/40 ಆಗುತ್ತದೆ. ಹೆಚ್ಚು ಬಂದಿರುವುದು ಕಿರಿಯನಿಗೇ. ತಾಯಿಗೆ ಉಳಿಯುವುದು 9/40. ಆಕೆಗೆ ಕಾಲುಭಾಗ ಸಿಕ್ಕಿತೆಂದು ಬಾಯಿಮಾತಿನಲ್ಲಿ ಸಮಾಧಾನ ಹೇಳುವವರುಂಟು. ಕಾಲೆಂದರೆ 10/40. ಈ ಹಿಡುವಳಿಯಲ್ಲಿ ನಲವತ್ತನೆಯ ಒಂದು ಭಾಗವೆಂದರೆ 7 ಗುಂಟೆ 8 ಆಣೆ. ಅಷ್ಟು ನೆಲವು ಆಕೆಗೆ ಕಾಲುಭಾಗಕ್ಕಿಂತ ಕಡಿಮೆ. ಪಾಲುಪಟ್ಟಿಗೆ ರುಜು ಬೀಳುವ ಮೊದಲೇ ಗ್ರಾಮದ ಯಜಮಾನರು ಇದನ್ನು ಆಕೆಗೆ ಗುಂಟೆಗಳಲ್ಲಿ ತಿಳಿಯಹೇಳಬೇಕು: ಹಿರಿಯನಿಗೆ 2 ಎಕರೆ 32 ಗುಂಟೆ 8 ಆಣೆ, ಕಿರಿಯನಿಗೆ 3 ಎಕರೆ, ತಾಯಿಗೆ 1 ಎಕರೆ 27 ಗುಂಟೆ 8 ಆಣೆ. (ನಾಣ್ಯದ ಆಣೆಯು 1957ರ ದಶಮಾಂಶ ಪದ್ಧತಿಯಿಂದ ಹಿಂದೆ ಸರಿಯಿತಾದರೂ ಗುಂಟೆಗೆ 16 ಆಣೆಯೆಂಬ ನೆಲದ ಲೆಕ್ಕವು ಉಳಿದಿದೆ.)

ಎಕರೆಗೆ 40 ಗುಂಟೆಯಿರುವುದರಿಂದ 2, 4, 5, 8, 10 ಎಂಬ ಛೇದಗಳಿಗೆ ಗುಂಟೆಯೇ ಸಮಚ್ಛೇದವಾಗಿ ಒದಗುತ್ತದೆ. ಮೂರಕ್ಕೆ ಒದಗುವುದಿಲ್ಲ, ಎಕರೆಯ ಮೂರನೆಯ ಒಂದು ಭಾಗವು 13 ಗುಂಟೆ 5 ಆಣೆಯಾಗಿ ಇನ್ನೂ ಆಣೆಯ ಮೂರನೆಯ ಒಂದು ಭಾಗ ಉಳಿಯುವುದು. 2/3, 3/5, 5/8 ಇವುಗಳನ್ನು ಕ್ರಮಪಡಿಸಬೇಕಾದರೆ 120ನ್ನು ಛೇದವಾಗಿ ಹಿಡಿಯತಕ್ಕದ್ದು. ಅವು 80, 72, 75 ಆಗುವುದರಿಂದ 3/5 ಕನಿಷ್ಠ, 5/8 ಮಧ್ಯಮ, 2/3 ಗರಿಷ್ಠ.

ಎರಡೇ ಭಿನ್ನರಾಶಿಗಳಿದ್ದಲ್ಲಿ ಅಡ್ಡಗುಣಾಕಾರವೇ ಸಾಕು. ಒಂದರ ಅಂಶವನ್ನು ಮತ್ತೊಂದರ ಛೇದದಿಂದ ಗುಣಿಸಿ, ಯಾವ ಅಂಶದ ಗುಣಲಬ್ಧವು ದೊಡ್ಡದೋ ಆ ರಾಶಿಯೇ ದೊಡ್ಡದೆಂದು ತಿಳಿಯುವುದು.

ಬೀಜದ ವಿಷಯದಲ್ಲಿ ಮೋಸಹೋಗುವುದು ಇನ್ನೂ ಸುಲಭ. ಮೂರು ಮೂಟೆಗಳ ಭತ್ತದಿಂದ ಕ್ರಮವಾಗಿ 40, 50, 60 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಾಗ 36, 44, 53 ಮೊಳೆತವೆನ್ನೋಣ. ಮೊಳೆತ ಕಾಳುಗಳನ್ನಷ್ಟೇ ಎಣಿಸುವವನು ಮೂರನೆಯ ಮೂಟೆಯನ್ನು ಹೊಗಳುವನು. ಮೊಳೆಯದ 4, 6, 7 ಕಾಳುಗಳನ್ನು ಎಣಿಸುವವನು ಅದನ್ನೇ ತೆಗಳುವನು. ಇಬ್ಬರದೂ ತಪ್ಪು. ಮೂರನ್ನೂ 300ರ ಛೇದಕ್ಕೆ ತಂದರೆ 270, 264, 265 ದೊರೆಯುತ್ತವೆ. ಮೊದಲನೆಯ ಮೂಟೆಯೇ ಮೇಲು. ನೂರಕ್ಕೆ ಇಷ್ಟೆಂದು ಹೇಳುವ ರೂಢಿಯೂ ಸಮಚ್ಛೇದದ ಕ್ರಮವೇ: 90, 88, 88 1/3. ಪ್ರಮಾಣಿತ ಭತ್ತದ ಬೀಜಕ್ಕೆ ನೂರಕ್ಕೆ 80 ಕನಿಷ್ಠ ಮೊಳಕೆಯೆಂದು ನಿಯಮವಿರುವುದರಿಂದ ಮೂರೂ ಬಿತ್ತನೆಗೆ ಅರ್ಹವೇ. ಆದರೆ ಎರಡನೆಯ ಮತ್ತು ಮೂರನೆಯ ಮೂಟೆಗಳ ನಡುವಣ ಅಂತರವು ಗಣಿತದಲ್ಲಿ ನಿಜವಾದರೂ ಐವತ್ತು ಅರವತ್ತು ಕಾಳುಗಳ ಪರೀಕ್ಷೆಯಲ್ಲಿ ಅದನ್ನು ನಂಬುವಂತಿಲ್ಲ. ಒಂದು ಕಾಳು ಹೆಚ್ಚುಕಡಿಮೆಯಾದರೆ ಕ್ರಮವು ತಿರುಗಿಬೀಳುವುದು. ಬೀಜ ಪರೀಕ್ಷಾಲಯಗಳಲ್ಲಿ ಸಾಮಾನ್ಯವಾಗಿ 400 ಕಾಳುಗಳನ್ನು ನೂರು ನೂರಾಗಿ ಇಟ್ಟು ನೋಡುವುದು ಈ ಕಾರಣಕ್ಕಾಗಿಯೇ.