ಕಡಲಾಮೆ ಮರಿಯನ್ನು ಎತ್ತಿ ನೀರಿಗೆ ಬಿಟ್ಟರೆ ಜೀವ ಉಳಿಯುತ್ತದೆಯೇ?

ಮರಳಿನ ಮೇಲೆ ತೆವಳುವ ಕಡಲಾಮೆ ಮರಿಗಳನ್ನು ಯಾರೋ ಬಕೆಟ್‌ನಲ್ಲಿ ತುಂಬಿ ಅಲೆಗೆ ಸುರಿಯುವ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಕೆಳಗೆ ‘ಇದೇ ಮಾನವೀಯತೆ, ಶೇರ್ ಮಾಡಿ’ ಎಂಬ ಸಾಲು ಇದ್ದೇ ಇರುತ್ತದೆ. ನೋಡಲು ಚೆನ್ನಾಗಿದೆ. ಆದರೆ ಇದನ್ನು ಅನುಕರಿಸಿದರೆ ಮರಿಗಳಿಗೆ ಅಪಾಯ, ನಿಮಗೂ ಕಷ್ಟ.

ಮಂಗಳೂರಿನವರಿಗೆ ಇದು ದೂರದ ಮಾತಲ್ಲ. 2024ರ ಆರಂಭದಲ್ಲಿ ಸಸಿಹಿತ್ಲು, ತಣ್ಣೀರುಬಾವಿ ಸುತ್ತಮುತ್ತಲಿನ ತೀರದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಟ್ಟವು. ಅರಣ್ಯ ಇಲಾಖೆ ಬೇಲಿ ಕಟ್ಟಿ ಕಾವಲು ಹಾಕಿತು, ಮರಿಗಳು ಕಡಲು ಸೇರಿದವು. ಅದಾದ ಮೇಲೆ ‘ನಾವೂ ಹೋಗಿ ಕಾಯಬಹುದೇ?’ ಎಂದು ಕೇಳುವವರು ಇದ್ದಾರೆ. ಕಾಯಬಹುದು. ಆದರೆ ಆ ಸೇವೆ ರೀಲ್ಸ್‌ನಲ್ಲಿ ಕಾಣುವಂತೆ ಇರುವುದಿಲ್ಲ.

ನಮ್ಮ ಕರಾವಳಿಯಲ್ಲಿ ಆಮೆಗಳು ಹೆಚ್ಚಾಗಿ ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ, ರಾತ್ರಿ ಹೊತ್ತು ದಡಕ್ಕೆ ಬರುತ್ತವೆ. ಸುಮಾರು ಒಂದೂವರೆ ಅಡಿ ಆಳದ ಗುಂಡಿ ತೋಡಿ ನೂರರಷ್ಟು ಮೊಟ್ಟೆ ಇಟ್ಟು, ಮರಳು ಮುಚ್ಚಿ ಹೊರಟುಹೋಗುತ್ತವೆ. ತಾಯಿ ಮತ್ತೆ ತಿರುಗಿ ನೋಡುವುದಿಲ್ಲ. ಒಡಿಶಾದ ಗಹಿರ್‌ಮಠದಲ್ಲಿ ಲಕ್ಷಗಟ್ಟಲೆ ಆಮೆಗಳು ಒಟ್ಟಿಗೆ ಬರುತ್ತವೆ. ಇಲ್ಲಿ ಬರುವುದು ಒಂದೊಂದೇ. ಹಾಗಾಗಿ ನಾಯಿಗಳು ಒಂದು ಗೂಡು ಅಗೆದರೂ ನಷ್ಟ ದೊಡ್ಡದು.

ಸ್ವಯಂಸೇವಕರ ಕೆಲಸ ಹೆಚ್ಚಾಗಿ ನಡೆಯುವುದು, ಅದೂ ನಡುರಾತ್ರಿ. ಆಮೆ ತೆವಳಿದ ಗುರುತು ಹುಡುಕುತ್ತಾ ಕಿಲೋಮೀಟರ್‌ಗಟ್ಟಲೆ ಮರಳಿನಲ್ಲಿ ಹೆಜ್ಜೆ ಹಾಕಬೇಕು. ಹಲವು ರಾತ್ರಿ ಏನೂ ಸಿಗುವುದಿಲ್ಲ. ಗುರುತು ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು, ಅವರು ಬರುವವರೆಗೆ ಜನರನ್ನೂ ನಾಯಿಗಳನ್ನೂ ದೂರ ಇಡಬೇಕು. ಚೆನ್ನೈಯಲ್ಲಿ ವಿದ್ಯಾರ್ಥಿಗಳು 1988ರಿಂದ ಹೀಗೆ ನಡೆಯುತ್ತಿದ್ದಾರೆ. ನಮ್ಮ ಪಕ್ಕದ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ‘ನೈತಲ್’ ಎಂಬ ಸ್ಥಳೀಯರ ಸಂಘಟನೆ ಇದೇ ಕೆಲಸ ಮಾಡುತ್ತಾ ಬಂದಿದೆ. ಈ ವಿಷಯದಲ್ಲಿ ತೀರದ ಮೀನುಗಾರರಿಗಿಂತ ಒಳ್ಳೆಯ ಗುರು ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಯಾವ ಗುರುತು ಆಮೆಯದ್ದು, ಯಾವುದು ದೋಣಿ ಎಳೆದದ್ದು ಎಂದು ಅವರಿಗೆ ದೂರದಿಂದಲೇ ಗೊತ್ತಾಗುತ್ತದೆ.

ಹಾಗಾದರೆ ಗೂಡು ಸಿಕ್ಕ ಕೂಡಲೇ ಮೊಟ್ಟೆ ತೆಗೆದು ಸುರಕ್ಷಿತ ಜಾಗದಲ್ಲಿಟ್ಟರೆ ಆಗದೇ? ಇಲ್ಲೇ ಹೆಚ್ಚಿನವರು ಎಡವುವುದು. ಕೋಳಿ ತನ್ನ ಮೊಟ್ಟೆಯನ್ನು ಆಗಾಗ ತಿರುಗಿಸುತ್ತದೆ. ಆಮೆ ಮೊಟ್ಟೆ ಅದಕ್ಕೆ ತದ್ವಿರುದ್ಧ. ಇಟ್ಟ ಕೆಲವೇ ಗಂಟೆಗಳಲ್ಲಿ ಒಳಗಿನ ಭ್ರೂಣ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಮಗುಚಿದರೆ ಅದು ಸಾಯಬಹುದು. ಹೊರಗಿನಿಂದ ನೋಡಿದರೆ ಮೊಟ್ಟೆ ಚೆನ್ನಾಗಿಯೇ ಇರುತ್ತದೆ, ಮರಿ ಮಾತ್ರ ಬರುವುದಿಲ್ಲ. ಆಳ, ತೇವ, ಬಿಸಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮರಳು ಸುಮಾರು 29-30 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದರೆ ಹೆಣ್ಣುಮರಿಗಳು ಹೆಚ್ಚು, ತಂಪಾದರೆ ಗಂಡು. ಆದ್ದರಿಂದಲೇ ಗೂಡನ್ನು ಆದಷ್ಟು ಇದ್ದಲ್ಲೇ ಬೇಲಿ ಹಾಕಿ ಕಾಯುವುದು. ಅಲೆಗೆ ಕೊಚ್ಚಿಹೋಗುವಂತಿದ್ದರೆ ಮಾತ್ರ, ತರಬೇತಿ ಪಡೆದವರು ಸ್ಥಳಾಂತರಿಸುತ್ತಾರೆ.

ಇನ್ನು ಬಕೆಟ್ ವಿಷಯ. ಸುಮಾರು 45ರಿಂದ 60 ದಿನಗಳಲ್ಲಿ ಹೊರಬರುವ ಮರಿಗೆ ಹೊಟ್ಟೆಯಲ್ಲಿ ಉಳಿದ ಹಳದಿಯೇ ಬುತ್ತಿ. ಆ ಬಲದಲ್ಲಿ ಅದು ಮೊದಲ ದಿನ ಬಿಡದೆ ಈಜಿ ಅಪಾಯದ ದಡದಿಂದ ದೂರ ಹೋಗಬೇಕು. ಬಕೆಟ್ ನೀರಿನಲ್ಲಿ ಕೈಕಾಲು ಬಡಿಯುತ್ತಾ ಫೋಟೋಗೆ ಕಾದರೆ ಆ ಬುತ್ತಿ ಅಲ್ಲೇ ಮುಗಿಯುತ್ತದೆ. ತಾನು ಹುಟ್ಟಿದ ಕರಾವಳಿಯ ಗುರುತನ್ನು ಆಮೆ ಭೂಮಿಯ ಕಾಂತಕ್ಷೇತ್ರದ ಮೂಲಕ ನೆನಪಿಡುತ್ತದೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಮರಿ ತಾನಾಗಿ ತೆವಳಲಿ ಎನ್ನುವುದಕ್ಕೆ ಅದೂ ಒಂದು ಕಾರಣ. ಮರಿಗಳು ದೊಡ್ಡವಾಗುವುದು ಸಾವಿರಕ್ಕೆ ಒಂದು ಎಂಬ ಸ್ಥೂಲ ಅಂದಾಜಿದೆ. ಇರುವ ಅವಕಾಶವನ್ನು ನಾವು ಇನ್ನೂ ಕಡಿಮೆ ಮಾಡಬೇಕೇ?

ಟಾರ್ಚ್, ಮೊಬೈಲ್ ಫ್ಲ್ಯಾಶ್ ಕೂಡ ಬೇಡ. ಮರಿಗಳು ದಾರಿ ಕಂಡುಕೊಳ್ಳುವುದು ಕಡಲ ಕಡೆಯ ಬೆಳಕಿನಿಂದ. ಹಿಂದಿನಿಂದ ಬೆಳಕು ಬಿದ್ದರೆ ಅವು ರಸ್ತೆಯತ್ತ ತಿರುಗುತ್ತವೆ. ಮೊಟ್ಟೆ ಇಡಲು ಬಂದ ತಾಯಿಯೂ ಬೆದರಿ ವಾಪಸ್ ಹೋಗುವುದುಂಟು.

ಆಮೆ ಮೊಟ್ಟೆ ತಿಂದರೆ ಪುರುಷತ್ವ ಹೆಚ್ಚುತ್ತದೆ ಎಂಬ ಫಾರ್ವರ್ಡ್‌ಗೆ ವೈಜ್ಞಾನಿಕ ಆಧಾರವಿಲ್ಲ. ಆಲಿವ್ ರಿಡ್ಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ಅದನ್ನು ಹಿಡಿದರೆ ಅಥವಾ ಮೊಟ್ಟೆ ಕದ್ದರೆ 3ರಿಂದ 7 ವರ್ಷ ಜೈಲು, ಜೊತೆಗೆ ದಂಡ. ‘ಕಾಪಾಡಲು ಎತ್ತಿಕೊಂಡೆ’ ಎಂದು ಆಮೇಲೆ ವಿವರಿಸುವ ಬದಲು ಮುಟ್ಟದೇ ಇರುವುದೇ ಸುಲಭ.

ಸೇವೆಗೆ ಸೇರಬೇಕೆಂದರೆ ಋತು ಶುರುವಾಗುವ ಮೊದಲೇ ಮಂಗಳೂರು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ತೀರದಲ್ಲಿ ಗೂಡನ್ನೋ, ದಾರಿ ತಪ್ಪಿದ ಮರಿಯನ್ನೋ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಲೈನ್ ಸಿಗದಿದ್ದರೆ 112. ಜಾಗದ ಲೊಕೇಶನ್ ಅನ್ನು ಇಲಾಖೆಗೆ ಮಾತ್ರ ಕಳುಹಿಸಿ, ಗ್ರೂಪ್‌ಗೆ ಹಾಕಬೇಡಿ. ಗೂಡಿನ ವಿಳಾಸ ಮೊಟ್ಟೆ ಕದಿಯುವವರ ಮೊಬೈಲನ್ನೂ ತಲುಪುತ್ತದೆ.